ಆ್ಯಪ್ ‘ಪರಾಗ ಕಡಿಮೆ’ ಅನ್ನುತ್ತದೆ, ಸೀನು ಮಾತ್ರ ನಿಲ್ಲುವುದಿಲ್ಲ. ಯಾಕೆ?

ಪ್ರಶ್ನೆ: ನಾಲ್ಕೈದು ವರ್ಷಗಳಿಂದ ಪ್ರತಿ ವರ್ಷ ಹೆಚ್ಚು ಕಡಿಮೆ ಒಂದೇ ಸಮಯಕ್ಕೆ ನನಗೆ ಸೀನು ಶುರುವಾಗುತ್ತದೆ. ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ. ಪರಾಗದ ಅಲರ್ಜಿ ಎಂದು ಡಾಕ್ಟರು ಹೇಳಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಪರಾಗದ ಮಟ್ಟ ನೋಡುತ್ತೇನೆ. ಆದರೆ ‘ಕಡಿಮೆ’ ಎಂದು ತೋರಿಸಿದ ದಿನವೇ ಸೀನಿ ಸೀನಿ ಸಾಕಾಗುತ್ತದೆ. ‘ಜಾಸ್ತಿ’ ಇದ್ದ ದಿನ ಆರಾಮಾಗಿ ಇರುತ್ತೇನೆ. ಈ ಅಂಕಿಗಳನ್ನು ನಂಬಬಹುದೇ? ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಕೊಟ್ಟಿದ್ದರು. ಎರಡು ದಿನ ಹಾಕಿದೆ, ಏನೂ ಪ್ರಯೋಜನ ಕಾಣಲಿಲ್ಲ, ಬಿಟ್ಟೆ. ಚಟವಾಗಿಬಿಡುತ್ತದೆ ಎಂಬ ಭಯವೂ ಇತ್ತು. ಮಾತ್ರೆ ನುಂಗಿದರೆ ದಿನವಿಡೀ ನಿದ್ದೆ. ಇನ್ನೊಂದು ವಿಷಯ, ಹಸಿ ಸೇಬು ತಿಂದರೆ ಬಾಯೆಲ್ಲ ನವೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ? ಪೂರ್ತಿ ಗುಣವಾಗುವ ದಾರಿ ಏನಾದರೂ ಇದೆಯೇ?

ಉತ್ತರ: ಅಂಕಿ ಸುಳ್ಳಲ್ಲ. ಆದರೆ ಅದು ನಿಮ್ಮ ಮೂಗಿನ ಲೆಕ್ಕವಲ್ಲ. ಪರಾಗಗಳಲ್ಲಿ ನಿಮಗೆ ಆಗದಿರುವುದು ಯಾವುದು, ಅದು ಗಾಳಿಗೆ ಬರುವುದು ಯಾವ ವಾರಗಳಲ್ಲಿ, ಇವೆರಡು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ದಿನಾ ಬೆಳಿಗ್ಗೆ ಬರುವ ಅಂಕಿಯ ಹಿಂದೆ ಓಡುವುದಕ್ಕಿಂತ ಇದೇ ಜಾಸ್ತಿ ಉಪಯೋಗ.

ಮೊದಲು ಆ ಅಂಕಿ ಎಲ್ಲಿಂದ ಬರುತ್ತದೆ ನೋಡೋಣ. ಹೆಚ್ಚಿನ ಕಡೆ ಇಂದಿಗೂ ಬಳಕೆಯಲ್ಲಿರುವುದು ಹರ್ಸ್ಟ್ ಎಂಬ ವಿಜ್ಞಾನಿ 1952ರಲ್ಲಿ ರೂಪಿಸಿದ ಮಾದರಿಯ ಯಂತ್ರ. ಕಟ್ಟಡದ ಮಾಳಿಗೆಯ ಮೇಲೆ ಇಡುತ್ತಾರೆ. ನಿಮಿಷಕ್ಕೆ 10 ಲೀಟರ್ ಗಾಳಿಯನ್ನು ಒಂದು ಕಿರಿದಾದ ಸೀಳಿನ ಮೂಲಕ ಎಳೆದುಕೊಳ್ಳುತ್ತದೆ. ಒಳಗೆ ಅಂಟು ಸವರಿದ ಟೇಪು ಸುತ್ತಿದ ಡ್ರಮ್ ಇರುತ್ತದೆ. ಅದು ಗಂಟೆಗೆ 2 ಮಿಲಿಮೀಟರ್‌ನಂತೆ ತಿರುಗುತ್ತಾ 7 ದಿನಕ್ಕೆ ಒಂದು ಸುತ್ತು ಮುಗಿಸುತ್ತದೆ. ಗಾಳಿಯಲ್ಲಿದ್ದ ಪರಾಗ ಟೇಪಿಗೆ ಅಂಟಿಕೊಳ್ಳುತ್ತದೆ. ಆಮೇಲೆ ತರಬೇತಿ ಪಡೆದವರು ಸೂಕ್ಷ್ಮದರ್ಶಕದ ಕೆಳಗಿಟ್ಟು ಇದು ಹುಲ್ಲಿನದು, ಇದು ಇಂಥ ಮರದ್ದು ಎಂದು ಒಂದೊಂದೇ ಕಣ ಗುರುತಿಸಿ ಎಣಿಸುತ್ತಾರೆ. ಒಂದು ಘನ ಮೀಟರ್ ಗಾಳಿಗೆ ಇಷ್ಟು ಕಣ ಎಂದು ಲೆಕ್ಕ ಹಾಕುತ್ತಾರೆ. ಇದಕ್ಕೆಲ್ಲ ಸಮಯ ಬೇಕಲ್ವಾ? ಹಾಗಾಗಿ ನಿಜವಾದ ಎಣಿಕೆ ಕೈಗೆ ಸಿಗುವ ಹೊತ್ತಿಗೆ ಕನಿಷ್ಠ ಒಂದು ದಿನ ಕಳೆದಿರುತ್ತದೆ. ಕೆಲವೊಮ್ಮೆ ವಾರವೇ ಆಗಿರುತ್ತದೆ. ಸ್ವಿಟ್ಜರ್ಲೆಂಡ್, ಜರ್ಮನಿಯ ಬವೇರಿಯಾದಂಥ ಕಡೆ ಈಗ ತಾನಾಗಿಯೇ ಎಣಿಸುವ ಯಂತ್ರಗಳು ಬಂದಿವೆ. ಆದರೆ ಜಗತ್ತಿನ ಬಹುಪಾಲು ಜಾಗಗಳಲ್ಲಿ ಅವು ಇಲ್ಲ.

ಹಾಗಾದರೆ ಫೋನಿನಲ್ಲಿ ‘ಇವತ್ತು’ ಎಂದು ಕಾಣುವುದು ಏನು? ಅದು ಅಂದಾಜು. ಹವಾಮಾನ, ಯಾವ ಗಿಡಮರ ಎಲ್ಲಿದೆ ಎಂಬ ನಕ್ಷೆ, ಹಿಂದಿನ ವರ್ಷಗಳ ಎಣಿಕೆ, ಇವನ್ನೆಲ್ಲ ಸೇರಿಸಿ ಕಂಪ್ಯೂಟರ್ ಮಾಡಿದ ಲೆಕ್ಕ. ಹತ್ತಿರದಲ್ಲಿ ಒಂದಾದರೂ ಎಣಿಕೆಯ ಯಂತ್ರ ಇದ್ದರೆ ಆ ಅಂದಾಜಿಗೆ ಬೆಲೆ ಜಾಸ್ತಿ. ನೂರಾರು ಕಿಲೋಮೀಟರ್ ಆಚೆ ಇದ್ದರೆ ಅದು ದೊಡ್ಡ ಪ್ರದೇಶವೊಂದರ ಸರಾಸರಿ ಮಾತ್ರ. ನಿಮ್ಮ ಕಿಟಕಿಯ ಪಕ್ಕ ಹೂ ಬಿಟ್ಟಿರುವ ಹುಲ್ಲು ಅದರ ಲೆಕ್ಕಕ್ಕೆ ಬರುವುದಿಲ್ಲ. ನೀವು ಬಳಸುವ ಆ್ಯಪ್ ಎಣಿಕೆ ಎಲ್ಲಿಂದ ತರುತ್ತದೆ ಎಂದು ಒಮ್ಮೆ ನೋಡಿ. ಅದನ್ನು ಹೇಳದ ಆ್ಯಪ್‌ಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ.

‘ಜಾಸ್ತಿ’, ‘ಕಡಿಮೆ’ ಎಂಬ ಮಾತಿಗೂ ಎಲ್ಲ ಕಡೆ ಒಂದೇ ಅಳತೆ ಇಲ್ಲ. ಹುಲ್ಲಿನ ಪರಾಗವನ್ನೇ ತೆಗೆದುಕೊಳ್ಳಿ. ಬ್ರಿಟನ್ನಿನಲ್ಲಿ ಘನ ಮೀಟರ್‌ಗೆ 30 ಕಣಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’, 50 ದಾಟಿದರೆ ‘ಜಾಸ್ತಿ’. ಅಮೆರಿಕದ ಪದ್ಧತಿಯಲ್ಲಿ 20 ಆದ ಕೂಡಲೇ ‘ಜಾಸ್ತಿ’. ಅಂದರೆ ಅದೇ 25 ಕಣ ಒಂದು ಕಡೆ ಹಸಿರು ಬಣ್ಣದಲ್ಲಿ, ಇನ್ನೊಂದು ಕಡೆ ಎಚ್ಚರಿಕೆಯ ಬಣ್ಣದಲ್ಲಿ ಕಾಣಬಹುದು. ಮರದ ಪರಾಗಕ್ಕೆ ಮಿತಿಯೇ ಬೇರೆ. ಅಮೆರಿಕದ ಅದೇ ಪದ್ಧತಿಯಲ್ಲಿ ಮರದ ಪರಾಗ 90 ಮುಟ್ಟಿದರೆ ಮಾತ್ರ ‘ಜಾಸ್ತಿ’.

ಇನ್ನೂ ದೊಡ್ಡ ತೊಂದರೆ ಎಂದರೆ ಎಲ್ಲ ಪರಾಗವನ್ನೂ ಕೂಡಿಸಿ ಒಂದೇ ಅಂಕಿ ಕೊಡುವುದು. ಪೈನ್ ಮರ ಲೆಕ್ಕವಿಲ್ಲದಷ್ಟು ಪರಾಗ ಸುರಿಸುತ್ತದೆ. ಕಾರಿನ ಮೇಲೆ, ನೀರಿನ ಮೇಲೆ ಹಳದಿ ಪುಡಿ ಕೂತಿರುವುದು ಕಣ್ಣಿಗೇ ಕಾಣುತ್ತದೆ. ಆದರೆ ಅದರಿಂದ ಅಲರ್ಜಿ ಆಗುವುದು ಅಪರೂಪ. ಅಂಥ ದಿನ ಒಟ್ಟು ಅಂಕಿ ಆಕಾಶಕ್ಕೆ ಏರಿರುತ್ತದೆ, ನೀವು ಆರಾಮಾಗಿರುತ್ತೀರಿ. ಹುಲ್ಲು, ರ‍್ಯಾಗ್‌ವೀಡ್ ಎಂಬ ಕಳೆ, ಬರ್ಚ್, ಆಲಿವ್, ಜಪಾನಿನ ಸುಗಿ ಮರ, ಇವುಗಳ ಪರಾಗ ಸಣ್ಣದು, ಹಗುರ. ರ‍್ಯಾಗ್‌ವೀಡ್ ಕಣದ ಅಗಲ ಸುಮಾರು 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನಲ್ಲಿ ಐವತ್ತನ್ನು ಸಾಲಾಗಿ ನಿಲ್ಲಿಸಬಹುದು. ಒಟ್ಟು ಪರಾಗ ‘ಕಡಿಮೆ’ ಇರುವ ದಿನ ನಿಮಗೆ ಆಗದ ಆ ಒಂದೇ ಜಾತಿ ಗಾಳಿಯಲ್ಲಿದ್ದರೂ ಸಾಕು, ಸೀನು ಗ್ಯಾರಂಟಿ. ಬಣ್ಣ ಬಣ್ಣದ, ಘಮಘಮಿಸುವ ಹೂಗಳ ಮೇಲೆ ಜನರಿಗೆ ಸುಮ್ನೆ ಅನುಮಾನ. ಅವುಗಳ ಪರಾಗ ಅಂಟಂಟು, ತೂಕ ಜಾಸ್ತಿ, ದುಂಬಿಯ ಕಾಲಿಗೆ ಅಂಟಿ ಹೋಗುವಂಥದ್ದು. ತೊಂದರೆ ಕೊಡುವುದು ಗಾಳಿಗೆ ಪರಾಗ ತೂರುವ ಗಿಡಗಳು. ಅವುಗಳ ಹೂವನ್ನು ಯಾರೂ ತಿರುಗಿ ನೋಡುವುದೂ ಇಲ್ಲ.

ಇನ್ನು ನಿಮ್ಮ ಮೂಗಿನ ಕಡೆಯ ಲೆಕ್ಕ. ಸೀಸನ್ ಶುರುವಿನಲ್ಲಿ ಸೀನು ಬರಲು ತುಂಬಾ ಕಣ ಬೇಕು. ದಿನಾ ಪರಾಗ ಸೋಕಿ ಸೋಕಿ ಮೂಗಿನ ಒಳಪದರ ಕೆರಳಿರುತ್ತದೆ. ಅಲರ್ಜಿಗೆ ಕಾರಣವಾಗುವ ಕೋಶಗಳು ಅಲ್ಲಿ ಗುಂಪುಗೂಡುತ್ತವೆ. ಕೆಲವು ವಾರ ಕಳೆದ ಮೇಲೆ ಮೊದಲಿನ ಒಂದಂಶ ಕಣ ಬಂದರೂ ಅಷ್ಟೇ ಜೋರಾಗಿ ಸೀನು ಬರುತ್ತದೆ. ಇದನ್ನು 1960ರ ದಶಕದಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಇದರ ಜೊತೆಗೆ ಅಲರ್ಜಿಯ ಪ್ರತಿಕ್ರಿಯೆ ಎರಡು ಸಲ ಬರುತ್ತದೆ. ಪರಾಗ ತಾಕಿದ ಕೆಲವೇ ನಿಮಿಷಗಳಲ್ಲಿ ದೇಹದೊಳಗಿನ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬಿದ್ದು ಸೀನು, ನವೆ, ನೀರು. ಆಮೇಲೆ ನಾಲ್ಕರಿಂದ ಎಂಟು ಗಂಟೆಗೆ ಎರಡನೇ ಸುತ್ತು. ಆಗ ಮೂಗು ಕಟ್ಟುವುದು, ತಲೆ ಭಾರ, ಸುಸ್ತು. ಸಂಜೆ ಹೊರಗೆ ಓಡಾಡಿ ಬಂದದ್ದರ ಫಲ ಮಾರನೇ ಬೆಳಿಗ್ಗೆಯೂ ಇರಬಹುದು. ಹಾಗಾಗಿ ‘ಕಡಿಮೆ’ ಎಂದ ದಿನ ನಿಮಗೆ ಜಾಸ್ತಿ ಆಗುವುದು ಆಶ್ಚರ್ಯವಲ್ಲ, ನಿಮ್ಮ ಭ್ರಮೆಯೂ ಅಲ್ಲ.

ಈಗ ಮಾಡಬೇಕಾದದ್ದು. ದಿನಾ ರಾತ್ರಿ ಒಂದು ಸಾಲು ಬರೆದಿಡಿ. ಸೀನು, ಮೂಗು, ಕಣ್ಣು, ಉಸಿರು ಹೇಗಿತ್ತು, ಸೊನ್ನೆಯಿಂದ ಮೂರರ ತನಕ ಅಂಕ ಕೊಡಿ. ಹೊರಗೆ ಎಷ್ಟು ಹೊತ್ತು ಇದ್ದಿರಿ, ಯಾವ ಮಾತ್ರೆ ತೆಗೆದುಕೊಂಡಿರಿ ಎಂದೂ ಬರೆಯಿರಿ. ಒಂದು ಸೀಸನ್ ಬರೆದರೆ ಚಿತ್ರ ಮೂಡುತ್ತದೆ, ಎರಡು ಬರೆದರೆ ಖಚಿತವಾಗುತ್ತದೆ. ಚಳಿ ದೇಶಗಳಲ್ಲಿ ಮೊದಲು ಮರಗಳು, ಬೇಸಿಗೆಗೆ ಹುಲ್ಲು, ಬೇಸಿಗೆಯ ಕೊನೆಗೆ ಕಳೆ ಗಿಡಗಳು ಎಂಬ ಸರದಿ ಇದೆ. ಬೆಚ್ಚಗಿನ ಪ್ರದೇಶಗಳಲ್ಲಿ ಈ ಸರದಿ ಇಷ್ಟು ನೇರವಾಗಿಲ್ಲ. ಅಲ್ಲಿ ಹುಲ್ಲು ಮಳೆ ನೋಡಿಕೊಂಡು ಹೂ ಬಿಡುತ್ತದೆ, ಒಂದಲ್ಲ ಒಂದು ಮರ ಯಾವಾಗಲೂ ಹೂವಿನಲ್ಲಿರುತ್ತದೆ. ಅಂಥ ಕಡೆ ಸ್ವಂತ ಡೈರಿಯೇ ದೊಡ್ಡ ಆಧಾರ. ವರ್ಷವಿಡೀ ಒಂದೇ ಸಮ ತೊಂದರೆ ಇದ್ದರೆ, ಹಾಸಿಗೆಯಿಂದ ಏಳುವಾಗಲೇ ಸೀನು ಬರುತ್ತಿದ್ದರೆ, ಪರಾಗಕ್ಕಿಂತ ಧೂಳಿನ ಹುಳು, ಬೂಷ್ಟು, ಸಾಕುಪ್ರಾಣಿಗಳ ಮೇಲೆ ಅನುಮಾನ ಪಡಬೇಕು.

ಆ ಡೈರಿ ಹಿಡಿದುಕೊಂಡು ಅಲರ್ಜಿ ಪರೀಕ್ಷೆಗೆ ಹೋಗಿ. ಚರ್ಮದ ಮೇಲೆ ಬೇರೆ ಬೇರೆ ಪರಾಗದ ಹನಿ ಇಟ್ಟು ಸೂಜಿಯಿಂದ ಮೆಲ್ಲಗೆ ಚುಚ್ಚುತ್ತಾರೆ, ಇಪ್ಪತ್ತು ನಿಮಿಷದಲ್ಲಿ ಫಲಿತಾಂಶ ಸಿಗುತ್ತದೆ. ಅಲರ್ಜಿ ಮಾತ್ರೆಗಳನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಿರಬೇಕು, ಇಲ್ಲವಾದರೆ ಪರೀಕ್ಷೆ ತಪ್ಪು ಹೇಳುತ್ತದೆ. ನಿಲ್ಲಿಸಲು ಆಗದವರಿಗೆ ರಕ್ತ ಪರೀಕ್ಷೆ ಇದೆ, ಅದಕ್ಕೆ ಮಾತ್ರೆ ಅಡ್ಡಿಯಲ್ಲ. ಒಂದು ವಿಷಯ ಒತ್ತಿ ಹೇಳುತ್ತೇನೆ. ಪರೀಕ್ಷೆಯಲ್ಲಿ ಹತ್ತು ಪಾಸಿಟಿವ್ ಬಂದರೆ ಹತ್ತೂ ನಿಮ್ಮ ಶತ್ರುಗಳು ಎಂದು ಅರ್ಥವಲ್ಲ. ನಿಮ್ಮ ದೇಹ ಅವನ್ನು ಗುರುತಿಸುತ್ತದೆ, ಅಷ್ಟೇ. ಯಾವುದು ಗಾಳಿಯಲ್ಲಿರುವ ವಾರಗಳಿಗೂ ನಿಮ್ಮ ಕೆಟ್ಟ ವಾರಗಳಿಗೂ ತಾಳೆಯಾಗುತ್ತದೋ ಅದೇ ಕಾರಣ. ಡೈರಿ ಇಲ್ಲದೆ ಪರೀಕ್ಷೆ ಮಾಡಿಸಿ, ಉದ್ದದ ಪಟ್ಟಿ ಹಿಡಿದು ಎಲ್ಲದಕ್ಕೂ ಹೆದರಿಕೊಂಡು ಬದುಕುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಸೇಬಿನ ಪ್ರಶ್ನೆ ಇಲ್ಲಿಗೇ ಬರುತ್ತದೆ. ಸಂಬಂಧ ಇರುವ ಸಾಧ್ಯತೆ ತುಂಬಾ ಇದೆ. ಬರ್ಚ್, ಆಲ್ಡರ್, ಹೇಜಲ್ ಮರಗಳ ಪರಾಗದಲ್ಲಿರುವ ಒಂದು ಪ್ರೋಟೀನಿನಂಥದ್ದೇ ಪ್ರೋಟೀನು ಸೇಬಿನಲ್ಲೂ ಇದೆ. ದೇಹ ಅದನ್ನು ಪರಾಗ ಎಂದೇ ತಿಳಿದು ಬಾಯಿ, ತುಟಿ, ಗಂಟಲಿನಲ್ಲಿ ನವೆ ಎಬ್ಬಿಸುತ್ತದೆ. ಬೇಯಿಸಿದರೆ ಆ ಪ್ರೋಟೀನಿನ ಆಕಾರ ಕೆಡುತ್ತದೆ. ಅದಕ್ಕೇ ಬೇಯಿಸಿದ ಸೇಬು ತಿಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇದು ನಿಮ್ಮ ಡಾಕ್ಟರಿಗೆ ಒಳ್ಳೆಯ ಸುಳಿವು, ಮರೆಯದೆ ಹೇಳಿ. ಆದರೆ ನವೆ ಬಾಯಿ ದಾಟಿ ಮೈಮೇಲೆ ದದ್ದು, ಗಂಟಲು ಊತ, ಉಸಿರಾಟದ ತೊಂದರೆ, ತಲೆಸುತ್ತು ಬಂದರೆ ಅದು ಬೇರೆಯೇ, ಅಪಾಯದ ಅಲರ್ಜಿ. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆಮೇಲೆ ಆ ಹಣ್ಣನ್ನು ಮುಟ್ಟಬಾರದು.

ಔಷಧಿಯ ವಿಷಯ. ಸ್ಟೀರಾಯ್ಡ್ ಸ್ಪ್ರೇ ಬಿಟ್ಟದ್ದು ಬೇಡವಾಗಿತ್ತು. ಮೂಗಿನ ಅಲರ್ಜಿಗೆ ನಮ್ಮ ಕೈಲಿರುವ ಔಷಧಿಗಳಲ್ಲಿ ಅದೇ ಹೆಚ್ಚು ಪರಿಣಾಮಕಾರಿ. ಮೂಗು ಕಟ್ಟುವುದಕ್ಕಂತೂ ಮಾತ್ರೆಗಿಂತ ಅದೇ ಮೇಲು. ಆದರೆ ಅದು ಉರಿಯೂತವನ್ನು ನಿಧಾನವಾಗಿ ಇಳಿಸುತ್ತದೆ. ಪೂರ್ತಿ ಫಲ ಕಾಣಲು ಎರಡು ವಾರದವರೆಗೂ ಬೇಕಾಗಬಹುದು, ಅದೂ ದಿನಾ ತಪ್ಪದೆ ಹಾಕಿದರೆ. ಎರಡು ದಿನಕ್ಕೆ ತೀರ್ಪು ಕೊಟ್ಟರೆ ಔಷಧಿಗೆ ಅನ್ಯಾಯ. ಡೈರಿಯಿಂದ ನಿಮ್ಮ ಕೆಟ್ಟ ವಾರ ಗೊತ್ತಾಗಿದ್ದರೆ, ಅದಕ್ಕೆ ಒಂದೆರಡು ವಾರ ಮೊದಲೇ ಶುರು ಮಾಡಿ. ಮೂಗು ಕೆರಳುವ ಮೊದಲೇ ತಡೆದರೆ, ಆಗಲೇ ಹೇಳಿದೆನಲ್ಲ, ಸ್ವಲ್ಪ ಪರಾಗಕ್ಕೂ ಜೋರಾಗಿ ಸೀನುವ ಆ ಸ್ಥಿತಿ ಬರುವುದೇ ಕಡಿಮೆಯಾಗುತ್ತದೆ. ಸೀಸನ್ ಮುಗಿಯುವವರೆಗೂ ಬಿಡಬೇಡಿ.

ಹಾಕುವ ರೀತಿಯಲ್ಲೇ ಬಹಳ ಜನ ತಪ್ಪುತ್ತಾರೆ. ತಲೆಯನ್ನು ಹಿಂದಕ್ಕಲ್ಲ, ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿ. ಆಗ ತುದಿ ತಾನಾಗಿಯೇ ಹೊರಗಡೆಗೆ, ಅದೇ ಬದಿಯ ಕಿವಿಯ ದಿಕ್ಕಿಗೆ ತಿರುಗುತ್ತದೆ. ಮೂಗಿನ ನಡುವಿನ ಗೋಡೆಗೆ ಸಿಂಪಡಿಸಿದರೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಒತ್ತಿದ ಮೇಲೆ ಜೋರಾಗಿ ಸೆಳೆದುಕೊಳ್ಳಬೇಡಿ. ಗಂಟಲಿನಲ್ಲಿ ರುಚಿ ಬಂತೆಂದರೆ ಔಷಧಿ ಮೂಗಿನಲ್ಲಿ ನಿಲ್ಲದೆ ಹೊಟ್ಟೆಗೆ ಹೋಯಿತು ಎಂದು ಅರ್ಥ.

ಚಟದ ಭಯ ಸಹಜ, ಆದರೆ ಅದು ಈ ಔಷಧಿಯ ಮೇಲೆ ಇರಬೇಕಾದದ್ದಲ್ಲ. ಮೊಮೆಟಾಸೋನ್, ಫ್ಲುಟಿಕಾಸೋನ್ ಥರದ ಸ್ಪ್ರೇಗಳು ರಕ್ತಕ್ಕೆ ಸೇರುವುದು ಅತ್ಯಲ್ಪ, ಚಟವಾಗುವುದಿಲ್ಲ. ನಿಜವಾಗಿ ಚಟವಾಗುವುದು ಕಟ್ಟಿದ ಮೂಗನ್ನು ಐದೇ ನಿಮಿಷದಲ್ಲಿ ಬಿಡಿಸುವ ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಹನಿಗಳು. ಅವು ಮೂರರಿಂದ ಐದು ದಿನಕ್ಕೆ ಮಾತ್ರ. ಮೇಲೆ ಹೋದರೆ ಹನಿಯ ಪ್ರಭಾವ ಇಳಿದ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಅದಕ್ಕೆ ಮತ್ತೆ ಹನಿ, ಮತ್ತೆ ಕಟ್ಟುವುದು. ಸೀಸನ್ನಿಗೆ ಒಂದೇ ಸಲ ಎಂದು ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆಯೂ ಹುಷಾರು. ಅದು ವಾರಗಟ್ಟಲೆ ಇಡೀ ದೇಹದಲ್ಲಿ ಉಳಿಯುತ್ತದೆ. ಸಕ್ಕರೆ ಏರುವುದು, ಮೂಳೆ ಸವೆಯುವುದು, ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಕುಗ್ಗುವುದು, ಈ ಅಪಾಯಗಳೆಲ್ಲ ಅದಕ್ಕಿವೆ. ಮೂಗಿನ ಅಲರ್ಜಿಗೆ ನಾನದನ್ನು ಸಲಹೆ ಮಾಡುವುದಿಲ್ಲ.

ನಿದ್ದೆ ತರಿಸುವುದು ಹೆಚ್ಚಾಗಿ ಹಳೆಯ ಮಾತ್ರೆಗಳು, ಕ್ಲೋರ್‌ಫೆನಿರಮಿನ್ ಅಂಥವು. ಅವು ಮೆದುಳಿಗೂ ಹೋಗುತ್ತವೆ. ನಿದ್ದೆ ಬರಲಿಲ್ಲ ಎನ್ನಿಸಿದರೂ ಗಮನ ಮಂಕಾಗಿರುತ್ತದೆ, ಗಾಡಿ ಓಡಿಸುವವರು ಇದನ್ನು ನೆನಪಿಡಬೇಕು. ಫೆಕ್ಸೋಫೆನಡಿನ್, ಲೊರಾಟಡಿನ್, ಬಿಲಾಸ್ಟಿನ್ ಇವುಗಳಲ್ಲಿ ಮಂಪರು ಬಹಳ ಕಡಿಮೆ. ಸೆಟಿರಿಜಿನ್ ಕೆಲವರಿಗೆ ನಿದ್ದೆ ತರುತ್ತದೆ. ನೀವು ಯಾವುದು ತೆಗೆದುಕೊಳ್ಳುತ್ತಿದ್ದೀರಿ ಎಂದು ಚೀಟಿ ನೋಡಿ, ಬದಲಿಸಲು ಕೇಳಿ. ಫೆಕ್ಸೋಫೆನಡಿನ್ ಅನ್ನು ಹಣ್ಣಿನ ರಸದ ಜೊತೆ ನುಂಗಬೇಡಿ, ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ. ನೀರೇ ಸಾಕು. ಇವೆಲ್ಲ ಸೀನು, ನವೆಗೆ ಒಳ್ಳೆಯವು. ಕಣ್ಣಿನ ತುರಿಕೆಗೆ ಒಲೊಪಟಡಿನ್ ಅಥವಾ ಕೀಟೊಟಿಫೆನ್ ಹನಿ ಬೇಗ ಕೆಲಸ ಮಾಡುತ್ತದೆ. ಅಸ್ತಮಾಕ್ಕೂ ಕೊಡುವ ಮಾಂಟೆಲುಕಾಸ್ಟ್ ಮಾತ್ರೆಯನ್ನು ಮೂಗಿಗೆ ಮಾತ್ರ ಎಂದು ಮೊದಲ ಆಯ್ಕೆಯಾಗಿ ತೆಗೆದುಕೊಳ್ಳಬಾರದು. ಮನಸ್ಸಿನ ಮೇಲಾಗುವ ಅಡ್ಡ ಪರಿಣಾಮಗಳ ಕಾರಣಕ್ಕೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದರ ಮೇಲೆ ತನ್ನ ಅತಿ ಗಂಭೀರ ಎಚ್ಚರಿಕೆ ಹಾಕಿಸಿದೆ.

ಪರಾಗ ಮೈಗೆ ತಾಗದಂತೆ ನೋಡಿಕೊಳ್ಳುವ ಬಗ್ಗೆ ಉದ್ದ ಉದ್ದದ ಪಟ್ಟಿಗಳಿವೆ. ಅವುಗಳಲ್ಲಿ ಕೆಲವಷ್ಟೇ ಶ್ರಮಕ್ಕೆ ತಕ್ಕವು. ನಿಮ್ಮ ಕೆಟ್ಟ ವಾರಗಳಲ್ಲಿ ಬಟ್ಟೆಯನ್ನು ಹೊರಗೆ ಒಣಹಾಕಬೇಡಿ. ರಾತ್ರಿ ಮಲಗುವ ಮೊದಲು ತಲೆಗೆ ನೀರು ಹಾಕಿಕೊಳ್ಳಿ, ಇಲ್ಲವಾದರೆ ಕೂದಲಲ್ಲಿ ಕೂತ ಪರಾಗ ದಿಂಬಿಗೆ ಬರುತ್ತದೆ. ಕಾರಿನಲ್ಲಿ ಗಾಜು ಏರಿಸಿ, ಹೊರಗಿನ ಗಾಳಿ ಒಳಗೆ ಬರದಂತೆ ಮಾಡಿ. ಹೊರಗೆ ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ಉಪ್ಪು ನೀರಿನಿಂದ ಮೂಗು ತೊಳೆಯುವುದು ಅಗ್ಗ, ಉಪಯೋಗವೂ ಇದೆ. ಆದರೆ ಕುದಿಸಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ನೀರೇ ಆಗಬೇಕು. ನಲ್ಲಿ ನೀರನ್ನು ನೇರವಾಗಿ ಬಳಸಿ ಮೆದುಳು ತಿನ್ನುವ ಅಮೀಬಾ ಸೋಂಕು ತಗುಲಿ ಸತ್ತವರಿದ್ದಾರೆ. ಇದರಲ್ಲಿ ಉದಾಸೀನ ಬೇಡವೇ ಬೇಡ. ಹತ್ತಿರದ ಜೇನುತುಪ್ಪ ತಿಂದರೆ ಅಲರ್ಜಿ ಹೋಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಜೇನು ಕೂರುವ ಹೂಗಳೇ ಬೇರೆ, ನಿಮ್ಮನ್ನು ಕಾಡುವ ಗಿಡಗಳೇ ಬೇರೆ.

ಮಳೆಯ ವಿಷಯದಲ್ಲಿ ಒಂದು ದೊಡ್ಡ ತಪ್ಪು ನಂಬಿಕೆ ಇದೆ. ಜಿಟಿಜಿಟಿ ಮಳೆ ಗಾಳಿಯನ್ನು ತೊಳೆಯುತ್ತದೆ, ನಿಜ. ಗುಡುಗು ಮಳೆ ಹಾಗಲ್ಲ. ಅದರ ಮುಂದೆ ಬೀಸುವ ಗಾಳಿ ಹುಲ್ಲಿನ ಪರಾಗವನ್ನು ನೆಲಮಟ್ಟಕ್ಕೆ ತಳ್ಳಿಕೊಂಡು ಬರುತ್ತದೆ. ತೇವ ತಾಗಿದ ಕಣಗಳು ಒಡೆದು, ಒಂದೊಂದರಿಂದ ನೂರಾರು ಸೂಕ್ಷ್ಮ ಚೂರು ಹೊರಬೀಳುತ್ತವೆ. ಇಡೀ ಕಣ ಮೂಗಿನಲ್ಲೇ ನಿಲ್ಲುತ್ತದೆ. ಚೂರುಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. 2016ರ ನವೆಂಬರ್ 21ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹೀಗೇ ಆಯಿತು. ಗಂಟೆಗಳೊಳಗೆ ಸಾವಿರಾರು ಜನ ಉಸಿರು ಸಿಗದೆ ಆಸ್ಪತ್ರೆಗೆ ಧಾವಿಸಿದರು, 10 ಮಂದಿ ಸತ್ತರು. ಹೀಗೆ ಒದ್ದಾಡಿದವರಲ್ಲಿ ಎಷ್ಟೋ ಜನಕ್ಕೆ ಅದುವರೆಗೆ ಅಸ್ತಮಾ ಇದೆ ಎಂದೇ ಗೊತ್ತಿರಲಿಲ್ಲ, ಪರಾಗದ ಅಲರ್ಜಿ ಮಾತ್ರ ಇತ್ತು. ಹುಲ್ಲಿನ ಪರಾಗ ನಿಮಗೆ ಆಗದಿದ್ದರೆ, ಅದರ ಸೀಸನ್ನಿನಲ್ಲಿ ಗುಡುಗು ಬರುವ ಸೂಚನೆ ಕಂಡ ಕೂಡಲೇ ಒಳಗೆ ಹೋಗಿ, ಕಿಟಕಿ ಬಾಗಿಲು ಹಾಕಿ. ಅಂಥ ಸಮಯಕ್ಕೆ ಆ್ಯಪ್ ನಿಜವಾಗಿಯೂ ಬೇಕು. ಸೀನಿನ ಜೊತೆ ಎದೆಯಲ್ಲಿ ಸುಂಯ್ ಎನ್ನುವ ಶಬ್ದ, ರಾತ್ರಿ ಕೆಮ್ಮು, ಎದೆ ಬಿಗಿತ ಒಮ್ಮೆಯಾದರೂ ಬಂದಿದ್ದರೆ ಅಸ್ತಮಾ ಪರೀಕ್ಷೆ ಮಾಡಿಸಿಕೊಳ್ಳಿ. ಅದನ್ನು ಮುಂದೂಡಬೇಡಿ.

ಕ್ಯಾಲೆಂಡರನ್ನು ಹೋದ ವರ್ಷದ ತಾರೀಖಿಗೇ ಕಟ್ಟಿಹಾಕಬೇಡಿ. ಉತ್ತರ ಅಮೆರಿಕದಲ್ಲಿ 1990ರಿಂದ 2018ರ ನಡುವೆ ಪರಾಗದ ಕಾಲ ಸುಮಾರು 20 ದಿನ ಮುಂಚೆ ಶುರುವಾಗತೊಡಗಿದೆ, ಪರಾಗದ ಪ್ರಮಾಣವೂ ಸುಮಾರು 21 ಶೇಕಡಾ ಏರಿದೆ. ಭೂಮಿ ಬಿಸಿಯಾಗುತ್ತಿರುವುದಕ್ಕೂ ಇದಕ್ಕೂ ಗಟ್ಟಿ ಸಂಬಂಧ ಇದೆ. ಚಳಿ ಬೇಗ ಹೋದ ವರ್ಷ ಸ್ಪ್ರೇಯನ್ನೂ ಬೇಗ ಶುರು ಮಾಡಿ.

ಕೊನೆಯದಾಗಿ, ಪೂರ್ತಿ ಗುಣದ ಮಾತು. ಮೇಲಿನ ಔಷಧಿಗಳು ತೊಂದರೆಯನ್ನು ಅದುಮಿಡುತ್ತವೆ, ಅಷ್ಟೇ. ಅಲರ್ಜಿಯ ಬೇರಿಗೇ ಹೋಗುವ ಚಿಕಿತ್ಸೆ ಇಮ್ಯುನೊಥೆರಪಿ. 1911ರಲ್ಲಿ ಲಂಡನ್ನಿನಲ್ಲಿ ಲೆನಾರ್ಡ್ ನೂನ್ ಎಂಬ ವೈದ್ಯ ಹುಲ್ಲಿನ ಪರಾಗದ ಸಾರವನ್ನು ಸ್ವಲ್ಪ ಸ್ವಲ್ಪವಾಗಿ ಚುಚ್ಚಿ ಇದನ್ನು ಮೊದಲು ವರದಿ ಮಾಡಿದರು. ಈಗ ಇಂಜೆಕ್ಷನ್ ಇದೆ, ಹುಲ್ಲು, ರ‍್ಯಾಗ್‌ವೀಡ್, ಬರ್ಚ್, ಸುಗಿಯಂಥ ಕೆಲವು ಪರಾಗಗಳಿಗೆ ನಾಲಿಗೆಯ ಕೆಳಗಿಡುವ ಮಾತ್ರೆಯೂ ಇದೆ. ಮೂರು ವರ್ಷ ಬಿಡದೆ ಮಾಡಬೇಕು. ಮಾಡಿದವರಲ್ಲಿ ಬಹಳ ಜನಕ್ಕೆ ನಿಲ್ಲಿಸಿದ ಮೇಲೂ ಕೆಲವು ವರ್ಷ ಆರಾಮು ಉಳಿಯುತ್ತದೆ. ಎಲ್ಲರಿಗೂ ಪೂರ್ತಿ ಹೋಗುತ್ತದೆ ಎಂದು ನಾನು ಹೇಳಲಾರೆ. ಹತೋಟಿಗೆ ಬಾರದ ಅಸ್ತಮಾ ಇದ್ದವರಿಗೆ ಇದನ್ನು ಕೊಡುವುದಿಲ್ಲ. ತೀವ್ರ ಪ್ರತಿಕ್ರಿಯೆ ಆಗುವ ಸಣ್ಣ ಅಪಾಯ ಇರುವುದರಿಂದ, ಇಂಜೆಕ್ಷನ್ ಪ್ರತಿ ಸಲವೂ, ಮಾತ್ರೆಯಾದರೆ ಮೊದಲ ಸಲ, ತೆಗೆದುಕೊಂಡ ಮೇಲೆ ಅರ್ಧ ಗಂಟೆ ಕ್ಲಿನಿಕ್ಕಿನಲ್ಲೇ ಕೂರಬೇಕು. ಯಾವ ಪರಾಗ ಎಂದು ಖಚಿತವಾಗದೆ ಇದನ್ನು ಶುರು ಮಾಡಿ ಫಲವಿಲ್ಲ. ಮಾತ್ರೆಯನ್ನು ಸೀಸನ್ನಿಗೆ ಮೂರು ನಾಲ್ಕು ತಿಂಗಳು ಮೊದಲೇ ಶುರು ಮಾಡುವುದು ರೂಢಿ. ಅದಕ್ಕೂ ಮೊದಲು ಪರೀಕ್ಷೆ ಆಗಿರಬೇಕು. ಹಾಗಾಗಿ ಈ ಸಲದ ಸೀನು ನಿಂತು ಅಲರ್ಜಿ ಮಾತ್ರೆ ಬಿಟ್ಟ ವಾರವೇ ಅಲರ್ಜಿ ತಜ್ಞರ ಹತ್ತಿರ ಸಮಯ ತೆಗೆದುಕೊಳ್ಳಿ, ಡೈರಿಯನ್ನು ಜೊತೆಗೆ ಒಯ್ಯಿರಿ.